ತಕ್ಕಡಿಯ ಮುಳ್ಳು

ಇತರರ ಬಿಲ್ಲುಗಳನ್ನು ಪರೀಕ್ಷಿಸುವುದು ನಮ್ಮ ಹೊಟ್ಟೆಪಾಡು. ಕೇಂದ್ರ ಸರ್ಕಾರದ ಕಚೇರಿಯೊಂದರ ಮೂಲೆಯಲ್ಲಿ ಕುಳಿತು ತಾರೀಖು, ಸಹಿ, ರಸೀದಿ ಎಂದು ಕೆಂಪು ಶಾಯಿಯಲ್ಲಿ ಗೀಟೆಳೆಯುವ ಗುಮಾಸ್ತರು ನಾವು. ಬಿ.ಎಸ್‌ಸಿ. ಓದಿದ್ದು ಯಾವ ಕೆಲಸಕ್ಕೆ ಬಂತೆಂದು ಮನೆಯವರು ಆಗಾಗ ಕೇಳುವುದುಂಟು. ಅದು ಕೆಲಸಕ್ಕೆ ಬಂದ ಒಂದು ಸಂದರ್ಭವನ್ನು ಓದುಗರ ಮುಂದಿಡುತ್ತೇವೆ.

ಕಳೆದ ವರ್ಷ ಕಚೇರಿ ಕೆಲಸದ ಮೇಲೆ ಬಳ್ಳಾರಿಗೆ ಹೋಗಿದ್ದೆವು. ಎರಡು ರಾತ್ರಿ ಉಳಿದದ್ದು ಸೋದರಮಾವನ ಮನೆಯಲ್ಲಿ. ಉಂಡದ್ದು ಅತ್ತೆಯ ಕೈಯಡಿಗೆ. ಆದರೆ ಹೈದರಾಬಾದಿಗೆ ಮರಳುವಾಗ ಜೇಬಿನಲ್ಲಿ ಲಾಡ್ಜೊಂದರ ಎರಡು ದಿನದ ರಸೀದಿ ಇತ್ತು. ‘ಎಲ್ಲರೂ ಮಾಡುವುದೇ’ ಎಂದು ಮನಸ್ಸು ಆಗಲೇ ಟಿಪ್ಪಣಿ ಬರೆದು ಸಹಿ ಹಾಕಿತ್ತು. ಅದೇ ವಾರ ನಮ್ಮ ಜವಾನನೊಬ್ಬನ ಔಷಧಿ ಬಿಲ್ಲನ್ನು, ತಾರೀಖು ತಿದ್ದಿದೆಯೆಂದು ಹಿಂದಿರುಗಿಸಿದೆವು. ಹೆಂಡತಿಯ ಕಾಯಿಲೆಯ ಬಿಲ್ಲು. ಆತ ಮಾತಾಡದೆ ಕಾಗದ ಮಡಿಚಿಕೊಂಡು ಹೋದ.

ದಿಲ್‌ಸುಖ್‌ನಗರದಲ್ಲಿ ನಮ್ಮ ಕೆಳಗಿನ ಮನೆಯವರು ಬೀದರ್ ಕಡೆಯ ನಿವೃತ್ತ ಮಾಸ್ತರರು, ಕ್ರೈಸ್ತರು. ಕಣ್ಣು ಮಂಜಾದುದರಿಂದ ಕನ್ನಡ ಬೈಬಲನ್ನು ಓದಿ ಹೇಳಲು ನಮ್ಮನ್ನು ಕರೆಯುತ್ತಾರೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಪೂರ್ಣ ಬೈಬಲು ಕನ್ನಡಕ್ಕೆ ಬಂತು. ನಮ್ಮ ರಸೀದಿಯೂ ಅದೇ ಊರಿನದು!

ಆ ಸಂಜೆ ಓದಬೇಕಾದದ್ದು ದಾನಿಯೇಲನ ಗ್ರಂಥದ ಐದನೆಯ ಅಧ್ಯಾಯ. ಬಾಬಿಲೋನಿನ ಅರಸ ಬೇಲ್ಶಚ್ಚರ, ಜೆರೂಸಲೇಮಿನ ದೇವಾಲಯದಿಂದ ತಂದಿದ್ದ ಪಾತ್ರೆಗಳಲ್ಲಿ ಔತಣದ ದ್ರಾಕ್ಷಾರಸ ಕುಡಿಯುತ್ತಾನೆ. ಗೋಡೆಯ ಮೇಲೆ ಕೈಯೊಂದು ಬರೆಯುತ್ತದೆ. ದಾನಿಯೇಲ ಅದರ ಅರ್ಥ ಬಿಡಿಸುತ್ತಾನೆ: ಆಳ್ವಿಕೆಯ ದಿನಗಳ ಎಣಿಕೆ ಮುಗಿಯಿತು, ಅರಸನ ತೂಕ ಕಡಿಮೆ ಬಂತು, ರಾಜ್ಯ ಪರರ ಪಾಲಾಯಿತು. ಆ ಬರಹದ ಪದಗಳು ಮಿನಾ, ಶೆಕೆಲ್ ಎಂಬ ತೂಕಗಳ ಹೆಸರುಗಳೂ ಹೌದೆಂದು ಪಂಡಿತರು ಹೇಳುತ್ತಾರೆ. ಅಂದಮೇಲೆ ಗೋಡೆಯ ಮೇಲೆ ಮೂಡಿದ್ದು ಒಂದು ಬಗೆಯ ಲೆಕ್ಕದ ಚೀಟಿಯೇ. ಗುಮಾಸ್ತನಿಗೆ ಅರ್ಥವಾಗದಿರುವುದೇ?

ಮಾಸ್ತರರು ಅಂದರು: “ಅರಸ ಬರೇ ಕುಡಿದಿದ್ರ ಇಷ್ಟು ಆಗ್ತಿರಲಿಲ್ಲೇನೋ ರೀ. ದೇವರ ಮನಿ ಪಾತ್ರೆ ತನ್ನ ಮನಿ ಪಾತ್ರೆ ಮಾಡಿಕೊಂಡ ನೋಡ್ರಿ!”

ನಮ್ಮ ಧ್ವನಿ ಅಲ್ಲಿಗೇ ನಿಂತಿತು. ಸರ್ಕಾರದ ದುಡ್ಡು ಯಾರ ಮನೆಯ ಪಾತ್ರೆ?

ಆಗ ನೆನಪಾದದ್ದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆ. ಅಲ್ಲಿ ಏನನ್ನಾದರೂ ತೂಗುವ ಮುನ್ನ, ತಟ್ಟೆಗಳು ಖಾಲಿಯಿರುವಾಗಲೇ ಮುಳ್ಳು ಸೊನ್ನೆಗೆ ಬರುವುದೇ ಎಂದು ನೋಡಬೇಕಿತ್ತು. ತಕ್ಕಡಿಯೇ ವಾಲಿದ್ದರೆ ತೂಗಿದ್ದೆಲ್ಲ ತಪ್ಪು. ನ್ಯಾಯತೀರ್ಪೆಂದರೆ ಲೋಕದ ಕೊನೆಯ ದಿನ ಪಾಪಿಗಳಿಗೆ, ಅಂದರೆ ಬೇರೆಯವರಿಗೆ, ಆಗುವ ಶಿಕ್ಷೆಯೆಂದೇ ನಾವು ಎಣಿಸಿದ್ದೆವು. ತನ್ನನ್ನು ತಾನೇ ವಿಚಾರಿಸಿಕೊಳ್ಳುವವನು ತೀರ್ಪಿಗೆ ಗುರಿಯಾಗನೆಂಬ ಅರ್ಥದ ಮಾತನ್ನು ಸಂತ ಪೌಲನೂ ಕೊರಿಂಥದವರಿಗೆ ಬರೆದಿದ್ದಾನೆ. ನಮ್ಮ ಶರಣರು ಅಂತರಂಗದ ಶುದ್ಧಿ ಎಂದದ್ದಕ್ಕೆ ಇದು ದೂರವಿಲ್ಲ.

ಮರುದಿನ ರಸೀದಿ ಹರಿದು, ನಿಜವಾದ ಬಿಲ್ಲು ಬರೆದೆವು. ಜವಾನನನ್ನು ಕರೆದು ಕೂರಿಸಿ ಕೇಳಿದರೆ, ತಾರೀಖು ತಪ್ಪು ಬರೆದು ತಿದ್ದಿದವನು ಔಷಧಿ ಅಂಗಡಿಯವನೇ! ಅಂಗಡಿಯವನ ಸಹಿ, ಮೊಹರು ಹಾಕಿಸಿ ತಂದ ಮೇಲೆ ಬಿಲ್ಲು ಪಾಸಾಯಿತು. ಕೇಳುವ ವ್ಯವಧಾನ ಮೊದಲೇ ಇದ್ದಿದ್ದರೆ ಆ ಬಡವನ ವಾರವೊಂದು ಉಳಿಯುತ್ತಿತ್ತು.

ನಮ್ಮ ಬಿಲ್ಲಿನಲ್ಲಿ ಸಾವಿರದೆಂಟುನೂರು ರೂಪಾಯಿ ಖೋತಾ. ಕಾರಣ ಕೇಳಿ ಮನೆಯವರು, “ಅಂತೂ ಬಿ.ಎಸ್‌ಸಿ. ಓದಿದ್ದು ಸಾರ್ಥಕವಾಯಿತು” ಎಂದು ನಕ್ಕರು. ಮುಳ್ಳು ಈಗಲೂ ಒಮ್ಮೊಮ್ಮೆ ವಾಲುತ್ತದೆ. ಕೆಂಪು ಶಾಯಿಯ ಪೆನ್ನು ತೆರೆಯುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳುತ್ತೇವೆ.