ಜಕಾತಿ ನಾಕಾ ಇದ್ದಾಗ

ನಮ್ಮ ಕಡೆ ಬೀಗರು ಬಂದರೆ ಆರಾಮ ವಿಚಾರಿಸಿದ ಮೇಲೆ ಕೇಳುವ ಮೊದಲ ಮಾತು ನಳದ್ದು. ‘ನಿಮ್ಮಲ್ಲಿ ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವು?’ ನಾನು ಗಜೇಂದ್ರಗಡದವ. ತಾಯಿಯ ತವರು ರೋಣ. ಅಕ್ಕನನ್ನು ಕೊಟ್ಟದ್ದು ನರಗುಂದಕ್ಕೆ. ಮೂರೂ ಪುರಸಭೆಯ ಊರುಗಳು. ಮದುವೆ, ಜಾತ್ರೆ, ದಿನಕರ್ಮ ಯಾವುದಕ್ಕೆ ಸೇರಿದರೂ ಈ ಮಾತು ಬಾರದೆ ಊಟ ಮುಗಿದದ್ದಿಲ್ಲ.

ನಾನು ಹುಡುಗನಾಗಿದ್ದಾಗ ಊರಿನ ಆಡಳಿತವೆಂದರೆ ನನ್ನ ಕಣ್ಣಿಗೆ ಜಕಾತಿ ನಾಕಾ. ರಸ್ತೆಗೆ ಅಡ್ಡ ಕಟ್ಟಿದ ಒಂದು ಗಳ, ಬದಿಗೆ ಗೂಡಿನಂಥ ಕೋಣೆ, ಒಳಗೆ ಪಾವತಿ ಹರಿಯುವ ಕಾರಕೂನ. ಸಂತೆಗೆ ಬರುವ ಮೆಣಸಿನಕಾಯಿ ಚೀಲ, ಸೇಂಗಾ, ನೇಕಾರರಿಗೆ ಬರುವ ನೂಲಿನ ಗಂಟು, ಎಲ್ಲವೂ ಅಲ್ಲಿ ನಿಂತು ದುಡ್ಡು ಕೊಟ್ಟೇ ಒಳಗೆ ಬರಬೇಕು. ಜನ ಆ ಗಳವನ್ನು ಬೈಯುತ್ತಿದ್ದರು. ರಾತ್ರಿ ಹೊಲದ ದಾರಿ ಹಿಡಿದು ಚಕ್ಕಡಿ ದಾಟಿಸುವವರೂ ಇದ್ದರು. ಕಾರಕೂನನ ಕೈ ಬೆಚ್ಚಗೆ ಮಾಡದೆ ಸರಕು ಸಾಗದ ದಿನಗಳೂ ಇದ್ದವೆಂದು ವ್ಯಾಪಾರದ ಹಿರಿಯರು ಹೇಳುತ್ತಿದ್ದರು. ಆದ್ದರಿಂದ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆದರೆ ಆ ದುಡ್ಡು ಊರಿನದಾಗಿತ್ತು. ಗಟಾರು ಕಟ್ಟಿಸಲು, ಬೀದಿದೀಪ ಹಚ್ಚಿಸಲು ಅದರಿಂದಲೇ ತೆಗೆಯುತ್ತಿದ್ದರು. ಗಟಾರು ತುಂಬಿ ನಿಂತರೆ ‘ನಾಕಾದ ರೊಕ್ಕ ಎಲ್ಲಿ ಹೋತು?’ ಎಂದು ಕಟ್ಟೆಯ ಮೇಲೆ ಕುಳಿತವರು ಮೆಂಬರನ್ನು ನಿಲ್ಲಿಸಿ ಕೇಳುತ್ತಿದ್ದರು.

1979ರಲ್ಲಿ ರಾಜ್ಯ ಸರಕಾರ ಜಕಾತಿಯನ್ನು ರದ್ದು ಮಾಡಿತು. ಗಳ ಕಿತ್ತರು. ವ್ಯಾಪಾರಸ್ಥರಿಗೆ ಹಬ್ಬ. ಅಲ್ಲಿಂದ ಊರಿನ ಗಂಟು ಬೆಂಗಳೂರಿನ ಕೈಗೆ ಹೋಯಿತು. ಮನೆಪಟ್ಟಿ, ನೀರಿನ ಪಟ್ಟಿ, ಮಳಿಗೆ ಬಾಡಿಗೆ ಉಳಿದವು, ಅವು ಸಾಲವು. ಉಳಿದದ್ದೆಲ್ಲ ಅನುದಾನ: ರಾಜ್ಯ ಹಣಕಾಸು ಆಯೋಗದ್ದು, ನಗರೋತ್ಥಾನದ್ದು. ಕಟ್ಟೆಯ ಮೇಲಿನ ಪ್ರಶ್ನೆಯೂ ಬದಲಾಯಿತು. ‘ರೊಕ್ಕ ಎಲ್ಲಿ ಹೋತು’ ಎಂಬುದರ ಜಾಗದಲ್ಲಿ ಈಗ ‘ಅನುದಾನ ಯಾವಾಗ ಬರ್ತೈತಿ’. ಮೊದಲ ಪ್ರಶ್ನೆ ಊರಿನವರಿಗೆ ಕೇಳಿದ್ದು, ಎರಡನೆಯದು ಯಾರಿಗೆ ಕೇಳಿದ್ದೆಂದು ಕೇಳಿದವನಿಗೂ ತಿಳಿಯದು.

ಹಳೆಯ ದಿನಗಳ ಬಗ್ಗೆ ನನಗೆ ಹಂಬಲವಿಲ್ಲದಿರಲು ದೊಡ್ಡ ಕಾರಣ ಇನ್ನೊಂದಿದೆ. ರೋಣದಲ್ಲಿ ಅಜ್ಜಿಯ ಮನೆಯ ಹಿತ್ತಲಿಗೆ ಒಂದು ಸಣ್ಣ ಬಾಗಿಲಿತ್ತು. ನಸುಕಿನಲ್ಲಿ ಒಬ್ಬ ಹೆಣ್ಣುಮಗಳು ಅಲ್ಲಿಂದ ಬಂದು ಪಾಯಿಖಾನೆ ಬಳಿದು, ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದಳು. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸರಕಾರವೊಂದು ಒಂದು ಓಣಿಯ ಬೆಳಗನ್ನು ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ. ಇಂದು ಪೌರಕಾರ್ಮಿಕರು ಎಂಬ ಹೆಸರಿದೆ, ಸೆಪ್ಟೆಂಬರ್ 23ಕ್ಕೆ ಅವರ ದಿನಾಚರಣೆಯಿದೆ. ಕೈಗೆ ಗವಸಿಲ್ಲದೆ ಗಟಾರಿಗೆ ಇಳಿದವರನ್ನು ನಾನು ಈಗಲೂ ನೋಡುತ್ತೇನೆ.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಪುರಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನಗಳು ಸಿಕ್ಕವು. ಕರ್ನಾಟಕದಲ್ಲಿ ಈಗ ಅದು ಅರ್ಧ. ನೀರಿಗಾಗಿ ಕೊಡ ಹಿಡಿದು ಕಾಯುವವರು ಸಭೆಯಲ್ಲಿ ಕೂತದ್ದು ನ್ಯಾಯವೇ. ಆದರೆ 2018, 2019ರಲ್ಲಿ ರಾಜ್ಯದ ಊರುಗಳಲ್ಲಿ ಗೆದ್ದವರು ಗುಲಾಲು ತೊಳೆದುಕೊಂಡು ಮನೆಯಲ್ಲಿ ಕೂತರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟಿನಲ್ಲಿ ಸಿಕ್ಕಿಕೊಂಡು, 2020ರವರೆಗೆ ಅಧ್ಯಕ್ಷರೇ ಇಲ್ಲ. ಮೊದಲ ಮೂವತ್ತು ತಿಂಗಳು ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿಗೆ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ನಡುವೆ ಕಂದಾಯ ಇಲಾಖೆಯ ಅಧಿಕಾರಿಯೇ ಆಡಳಿತಾಧಿಕಾರಿ. ಆ ದಿನಗಳಲ್ಲಿ ನೀರಿನ ತಕರಾರು ಹಿಡಿದು ಒಬ್ಬ ಮೆಂಬರ ಮನೆಗೆ ಹೋಗಿದ್ದೆ. ‘ನನ್ನ ಕೈಯಾಗ ಏನೈತ್ರಿ ಕಾಕಾ?’ ಎಂದ. ಸುಳ್ಳಲ್ಲ. ವೋಟು ಹಾಕಿದವನಿಗೆ ಅದಕ್ಕಿಂತ ಕಹಿ ಉತ್ತರ ಬೇರೆ ಇಲ್ಲ.

ರೋಣ, ಗಜೇಂದ್ರಗಡ, ಜೊತೆಗೆ ನರೇಗಲ್, ಮೂರಕ್ಕೂ ನೀರು ಜಿಗಳೂರು ಕೆರೆಯದು. ಕೆರೆ ಒಂದೇ, ಕೇಳುವ ಕಚೇರಿ ಬೇರೆ ಬೇರೆ. 2018ರಲ್ಲಿ ಗಜೇಂದ್ರಗಡ ತಾಲೂಕಾದ ಮೇಲೆ ತಹಶೀಲ್ದಾರರೂ ಬೇರೆ. ಬೇಸಿಗೆಯಲ್ಲಿ ಒಂದೂರಿನ ಸರದಿ ತಪ್ಪಿದರೆ ಇನ್ನೊಂದೂರಿನ ಮೇಲೆ ಅನುಮಾನ. ಈ ಊರುಗಳ ಮೆಂಬರರು ವರ್ಷಕ್ಕೆರಡು ಸಲವಾದರೂ ಆ ಕೆರೆಯ ದಂಡೆಯ ಮೇಲೆ ಒಟ್ಟಿಗೆ ಕೂತು ಸರದಿ ಗೊತ್ತುಮಾಡಬೇಕೆಂದು ನನ್ನ ಹಟ. ಬೀಗರು ಕೇಳುವ ಪ್ರಶ್ನೆಯನ್ನು ಅವರು ಒಬ್ಬರನ್ನೊಬ್ಬರು ಕೇಳಲಿ.

ನರಗುಂದದ ಸಂಕಟ ಬೇರೆ. ಅಲ್ಲಿ ನೀರು ನೆಲದ ಕೆಳಗೇ ಏರಿದೆ. 2019ರ ಆಸುಪಾಸಿನಲ್ಲಿ ಹಳೆಯ ಓಣಿಗಳಲ್ಲಿ ಮನೆಯೊಳಗೇ ನೆಲ ಕುಸಿಯತೊಡಗಿತು. ಹಿಂದೆ ಜೋಳ ತುಂಬಿಡಲು ತೋಡಿದ ಹಗೇವುಗಳು ಮನೆಗಳ ಕೆಳಗೆ ಉಳಿದಿದ್ದವು. ಅಂತರ್ಜಲ ಏರಿ ಅವುಗಳ ಮಣ್ಣು ಸಡಿಲಿತು. ಮನೆಯ ಉತಾರದಲ್ಲಿ ಚಕ್ಕುಬಂದಿ ಇರುತ್ತದೆ, ಉದ್ದಗಲ ಇರುತ್ತದೆ. ನೆಲದೊಳಗಿನದು ಇರುವುದಿಲ್ಲ. ಅದು ಗೊತ್ತಿದ್ದುದು ಹಗೇವು ತೆಗೆಯುವ ಮೊದಲು ದೀಪ ಇಳಿಸಿ ಗಾಳಿ ನೋಡುತ್ತಿದ್ದ ತಲೆಮಾರಿಗೆ. ಅವರು ಇರುವಾಗಲೇ ಓಣಿ ಓಣಿ ತಿರುಗಿ ಬರೆದುಕೊಳ್ಳುವುದು ಪುರಸಭೆಯ ಮೊದಲ ಕೆಲಸವಾಗಬೇಕು, ರಸ್ತೆ ಡಾಂಬರಿಗಿಂತ ಮೊದಲು.

ಅಕ್ಕನ ಅತ್ತೆಗೆ ತೊಂಬತ್ತರ ಹತ್ತಿರ. ಕಳೆದ ಸಲ ಹೋದಾಗ ಪಡಸಾಲೆಯ ಮೂಲೆಗೆ ಕೋಲು ತೋರಿಸಿ, ‘ಅಲ್ಲಿ ಹಗೇವು ಇತ್ತು ತಮ್ಮಾ, ನನ್ನ ಮದುವಿ ವರ್ಷ ಮುಚ್ಚಿಸ್ಯಾರ’ ಎಂದಳು. ಆ ಮೂಲೆಯಲ್ಲಿ ಟಿಜೋರಿ ಇತ್ತು. ನಾನೂ ಭಾವನೂ ಸೇರಿ ಅದನ್ನು ಎದುರುಗಡೆಯ ಗೋಡೆಗೆ ಸರಿಸಿ ಬಂದೆವು.