ಕಾಮಣ್ಣನಿಗೆ ಕಟ್ಟಿಗೆ ಕೊಡುವವರಾರು?

ಹೋಳಿಯ ದಿನ ದಾವಣಗೆರೆಯ ರಾಂ ಅಂಡ್ ಕೋ ವೃತ್ತದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸ್ಪೀಕರಿನ ಅಬ್ಬರ, ನೀರಿನ ಎರಚಾಟ, ಮುಖವೇ ಗುರುತು ಸಿಗದಷ್ಟು ಬಣ್ಣ. ಹೋಳಿ ಬೆಳೆದಿದೆ, ಸಂತೋಷ. ಆದರೆ ಅದಕ್ಕೂ ಮುಂಚಿನ ರಾತ್ರಿ ಉರಿಯಬೇಕಾದ ಕಾಮಣ್ಣ ಪಕ್ಕದ ನಮ್ಮ ಶಾಮನೂರಿನಲ್ಲಿ ವರ್ಷವರ್ಷಕ್ಕೂ ಸೊರಗುತ್ತಿದ್ದಾನೆ.

ನಾವು ಹುಡುಗರಿದ್ದಾಗ ಇದು ಒಂದು ದಿನದ ಹಬ್ಬವಾಗಿರಲಿಲ್ಲ. ಹುಣ್ಣಿಮೆ ಹತ್ತಿರವಾದಂತೆ ಅಟ್ಟದ ಮೇಲಿನ ಹಲಗೆ ಕೆಳಗಿಳಿಯುತ್ತಿತ್ತು. ಹುಲ್ಲಿನ ಉರಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿದು ಅದಕ್ಕೆ ನಾದ ಬರುತ್ತಿತ್ತು. ಅದನ್ನು ಬಡಿಯುತ್ತ, ಬಾಯಿಗೆ ಕೈಯೊಡ್ಡಿ ಬೊಬ್ಬೆ ಹೊಡೆಯುತ್ತ ಕೇರಿಕೇರಿ ಸುತ್ತಿ ಕಟ್ಟಿಗೆ, ಕುಳ್ಳು ಕೂಡಿಸುತ್ತಿದ್ದೆವು. ಕೊಟ್ಟರೆ ಸರಿ, ಕೊಡದಿದ್ದರೆ ರಾತ್ರಿ ಹಿತ್ತಲಿಗೆ ನುಗ್ಗಿ ಹೊತ್ತು ತರುವುದು. ಮುರಿದ ನೊಗ, ಗೆದ್ದಲು ಹಿಡಿದ ಬಾಗಿಲು, ಹಳೇ ಬುಟ್ಟಿ, ಏನಾದರೂ ಆದೀತು. ಕಾಮಣ್ಣನ ಪಾಲಿಗೆ ಹೋದದ್ದನ್ನು ಯಾರೂ ವಾಪಸು ಕೇಳುವಂತಿರಲಿಲ್ಲ. "ತಗಂಡು ಹೋಗ್ರಲೇ, ಏಣಿ ಒಂದು ಮುಟ್ಟಬ್ಯಾಡ್ರಿ" ಎಂದು ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೂಗುತ್ತಿದ್ದರು.

ಹುಣ್ಣಿಮೆಯ ರಾತ್ರಿ ನಡುವೆ ಔಡಲ ಗಿಡ ನೆಟ್ಟು, ಸುತ್ತ ಕಟ್ಟಿಗೆ ಒಟ್ಟುತ್ತಿದ್ದೆವು. ತಪಸ್ಸಿಗೆ ಕೂತ ಶಿವನ ಮೇಲೆ ಹೂಬಾಣ ಬಿಟ್ಟು ಅವನ ಉರಿಗಣ್ಣಿಗೆ ಬೂದಿಯಾದ ಮನ್ಮಥನ, ಅಂದರೆ ಕಾಮಣ್ಣನ, ಕತೆ ಲಾವಣಿಯಾಗಿ ಏಳುತ್ತಿತ್ತು. ಹಾಡುಗಾರರಲ್ಲಿ ಹರದೇಶಿಯವರು ಗಂಡಿನ ಹೆಚ್ಚಳ ಹಾಡಿದರೆ ನಾಗೇಶಿಯವರು ಹೆಣ್ಣಿನ ಹೆಚ್ಚಳ ಹಾಡುವರು. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು. ಮನ್ಮಥನ ಮಡದಿ ರತಿಯ ಅಳಲು ಬಂದಾಗ ಮಾತ್ರ ಹಲಗೆ ಸುಮ್ಮನಾಗುತ್ತಿತ್ತು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಳಗಾದ ಮೇಲೆ ಉರಿದ ಕಾಮಣ್ಣನ ಕೆಂಡ ಮನೆಗೆ ತಂದು ಒಲೆ ಹಚ್ಚಿ ಕಡಲೆ ಹುರಿಯುವುದು. ಎಲ್ಲರ ಹಿತ್ತಲಿಂದ ಬಂದ ಸೌದೆ ಒಂದೇ ಬೆಂಕಿಯಾಗಿ ಎಲ್ಲರ ಒಲೆಗೂ ಮರಳುತ್ತಿತ್ತು. ಚಳಿಗಾಲವನ್ನು ಊರೆಲ್ಲ ಕೂಡಿ ಹೀಗೆ ಕಳಿಸಿಕೊಟ್ಟ ಮೇಲೆ, ಹದಿನೈದು ದಿನಕ್ಕೆ ಯುಗಾದಿ.

ಈಗ ಕೆಂಡ ತಂದರೂ ಹಾಕಲು ಒಲೆಯಿಲ್ಲ, ಗ್ಯಾಸ್ ಬಂದಿದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ನೊಗವೂ ಇಲ್ಲ, ಕುಳ್ಳೂ ಇಲ್ಲ. ಭದ್ರಾ ನಾಲೆಯ ನೀರು ಜೋಳ, ಹತ್ತಿಯ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ಅನ್ನ ಕೊಟ್ಟ ನೀರದು, ಅದನ್ನು ದೂರಲಾರೆ. ಆದರೆ ಬೇಸಿಗೆ ಬೆಳೆಗೆ ನೀರು ಕಟ್ಟುವ ಮನೆಗೆ ಫಾಲ್ಗುಣದಲ್ಲಿ ಸುಗ್ಗಿ ಮುಗಿಸಿದ ಬಿಡುವೆಲ್ಲಿ? 1997ರಲ್ಲಿ ದಾವಣಗೆರೆ ಜಿಲ್ಲಾಕೇಂದ್ರವಾಯಿತು. ನಗರ ಹಬ್ಬುತ್ತ ಬಂದು ಊರನ್ನು ಬಡಾವಣೆಗಳ ನಡುವೆ ಸೇರಿಸಿಕೊಂಡಿತು. ಹಿತ್ತಲುಗಳಿಗೆ ಕಾಂಪೌಂಡು ಬಂತು, ಗೇಟಿಗೆ ಕ್ಯಾಮೆರಾ ಬಂತು. ಇವತ್ತು ಹುಡುಗನೊಬ್ಬ ಒಂದು ತುಂಡು ಕಟ್ಟಿಗೆ ಎತ್ತಿದರೆ ಅದು ಕಳ್ಳತನವೇ.

ಆದರೂ ಇಂಥ ಹಬ್ಬ ಉಳಿಸಿಕೊಂಡವರಿದ್ದಾರೆ. ದೂರದ ಐರ್ಲೆಂಡಿನಲ್ಲೂ ಚಳಿಯನ್ನು ಬೀಳ್ಕೊಡುವ ಹಬ್ಬವೊಂದಿದೆ, ಇಂಬೋಲ್ಕ್. ಫೆಬ್ರುವರಿ 1, ಕುರಿಗಳು ಮರಿ ಹಾಕುವ ಕಾಲ; ಸಂತ ಬ್ರಿಜಿಡಳ ದಿನವೂ ಅದೇ. ಅಲ್ಲಿನ ಕೆರಿ ಸೀಮೆಯಲ್ಲಿ ಹುಲ್ಲಿನ ಟೊಪ್ಪಿಗೆ ತೊಟ್ಟವರು ಬ್ರಿಜಿಡಳ ಬೊಂಬೆ ಹಿಡಿದು ಹಾಡುತ್ತ ಮನೆಮನೆಗೆ ಹೋಗುತ್ತಾರೆ. 2023ರಿಂದ ಬ್ರಿಜಿಡಳ ಹೆಸರಿನಲ್ಲಿ ಸರ್ಕಾರಿ ರಜೆಯೂ ಇದೆ. ಅಷ್ಟು ದೂರವೇಕೆ? ನಮ್ಮ ಪಕ್ಕದ ರಾಣೆಬೆನ್ನೂರಿನಲ್ಲಿ ಮನುಷ್ಯರೇ ರತಿ-ಕಾಮಣ್ಣರಾಗಿ ಕೂರುತ್ತಾರೆ. ಅವರನ್ನು ನಗಿಸಲು ಜನ ಸಾಲುಗಟ್ಟಿ ಬಂದು ಸೋತು ಹೋಗುತ್ತಾರೆ. ಜನ ಮನಸ್ಸು ಮಾಡಿದ ಕಡೆ ಹಬ್ಬ ಉಳಿದಿದೆ.

ಶಾಮನೂರಿಗೂ ಅದು ಆಗದ ಮಾತಲ್ಲ. ಹಸಿ ಮರ ಕಡಿಯುವುದು ಬೇಡ, ಮನೆಗೊಂದು ಮುರುಕು ಕಟ್ಟಿಗೆ ಸಾಕು. ಲಾವಣಿ ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರನ್ನು ಕರೆದು ಹುಡುಗರ ನಡುವೆ ಕೂರಿಸಿ, ಹಾಡಿಸಿ, ಕಲಿಸಿ. ಮುಂದಿನ ಫಾಲ್ಗುಣದಲ್ಲಿ ನಾಲ್ಕು ಹುಡುಗರು ಹಲಗೆ ಹಿಡಿದು ನಿಮ್ಮ ಗೇಟಿನ ಮುಂದೆ ನಿಂತರೆ ದಯವಿಟ್ಟು ಗದರಬೇಡಿ. ಕೈಯೆತ್ತಿ ಏನಾದರೂ ಕೊಡಿ.