ಎರಡು ಗಂಟೆಯ ಮೀಟಿಂಗ್

ಆಫೀಸ್ ಕ್ಯಾಲೆಂಡರ್‌ನಲ್ಲಿ ದಿನಾ ಎರಡು ಗಂಟೆಗೆ ನಂದೊಂದು ಮೀಟಿಂಗ್ ಇರತ್ತೆ. ಹೆಸರು ‘ಟಿ-ಸಿಂಕ್’. ಏನದು ಅಂತ ಟೀಮ್‌ನಲ್ಲಿ ಇವತ್ತಿನವರೆಗೂ ಯಾರೂ ಕೇಳಿಲ್ಲ. ಟಿ ಅಂದ್ರೆ ಟೊಮೆಟೊ.

ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಬಿಸಿಲು ಬರೋದು ಹತ್ತೂವರೆವರೆಗೆ ಮಾತ್ರ. ಮಧ್ಯಾಹ್ನ ಎರಡರ ಮೇಲೆ ಹಿಂದಿನ ಯುಟಿಲಿಟಿಗೆ ಬರತ್ತೆ. ಟೊಮೆಟೊಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹಾಗಾಗಿ ನಾಲ್ಕು ಕುಂಡಗಳನ್ನೂ ಗ್ಯಾಸ್ ಸಿಲಿಂಡರ್ ಇಡುವ ಚಕ್ರದ ಟ್ರಾಲಿ ಮೇಲೆ ಕೂರಿಸಿದ್ದೀನಿ. ಬೆಳಗ್ಗೆ ಬಾಲ್ಕನಿ, ಮಧ್ಯಾಹ್ನ ಹಾಲ್ ದಾಟಿ ಯುಟಿಲಿಟಿ. ಹೊಸಲಲ್ಲಿ ಮಾತ್ರ ಎತ್ತಲೇಬೇಕು. ಬರೀ ಕೆಮ್ಮಣ್ಣು ತುಂಬಿದ್ದಾಗ ಸೊಂಟ ಹಿಡಿದುಕೊಂಡಿತ್ತು. ಈಗ ಕೆಮ್ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಸಮ ಹಾಕಿ ಹಗುರ ಮಾಡಿಕೊಂಡಿದ್ದೀನಿ.

ಈ ವಿಷಯ ಊರಲ್ಲಿ ಹೇಳಿರಲಿಲ್ಲ. ನಮ್ಮದು ಶ್ರೀನಿವಾಸಪುರದ ಕಡೆ. ನನ್ನ ಕಾಲೇಜು ಫೀಸನ್ನು ಅಪ್ಪ ಲೆಕ್ಕ ಹಾಕ್ತಿದ್ದದ್ದೇ ಬಾಕ್ಸ್‌ನಲ್ಲಿ. ಕೋಲಾರ ಮಾರ್ಕೆಟ್‌ಗೆ ಹೋಗುವ, 15 ಕೆ.ಜಿ. ಹಿಡಿಯುವ ಟೊಮೆಟೊ ಬಾಕ್ಸ್. ನಾನು ಥರ್ಡ್ ಇಯರ್‌ನಲ್ಲಿದ್ದಾಗ ರೇಟು ಎಷ್ಟು ಬಿತ್ತಂದ್ರೆ ಕೊಯ್ಯುವ ಕೂಲಿಯೂ ಹುಟ್ಟಲಿಲ್ಲ. ತೋಟಕ್ಕೆ ದನ ಬಿಟ್ಟರಂತೆ. ಆ ಸೆಮಿಸ್ಟರ್ ಫೀಸು ಕೈಸಾಲದಲ್ಲಿ ಕಟ್ಟಿದ್ದು. ಮುಂದಿನ ವರ್ಷ ಅಪ್ಪ ಅಲ್ಲಿ ಮಾವಿನ ಗಿಡ ಇಟ್ಟರು. ಟೊಮೆಟೊ ಮಾತು ಅಲ್ಲಿಗೆ ನಿಂತಿತು.

2023ರ ಜುಲೈನಲ್ಲಿ ಬೆಂಗಳೂರಲ್ಲಿ ಕೆ.ಜಿ.ಗೆ ನೂರು ದಾಟಿದಾಗ, ಬುದ್ಧಿ ಇಲ್ಲದೆ ಫೋನ್ ಮಾಡಿ, “ಅಪ್ಪಾ, ಈ ಸಲ ಹಾಕಿದ್ದಿದ್ರೆ...” ಅಂದುಬಿಟ್ಟೆ. “ಊಟ ಆಯ್ತಾ?” ಅಂತ ಕೇಳಿ ಫೋನ್ ಅಮ್ಮನ ಕೈಗೆ ಕೊಟ್ಟರು.

ಮೊನ್ನೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಅಪ್ಪ ಬಂದಾಗ ಕುಂಡಗಳನ್ನು ಎಲ್ಲಿ ಬಚ್ಚಿಡೋದು ಅಂತ ನಿಜಕ್ಕೂ ಯೋಚನೆ ಮಾಡಿದ್ದೆ. ಎರಡು ಬೆಡ್‌ರೂಮಿನ ಮನೆಯಲ್ಲಿ ಎಲ್ಲಿ ಇಡ್ತೀರಿ?

ಮೂರನೇ ದಿನ ಕಪ್ಪು ಕನ್ನಡಕ ಹಾಕಿಕೊಂಡೇ ಬಾಲ್ಕನಿಗೆ ಬಂದರು. ಒಂದೆಲೆ ಉಜ್ಜಿ ಕೈ ಮೂಸಿದರು. ಆಮೇಲೆ, “ಕಂಕುಳ ಚಿಗುರು ಯಾಕೆ ಬಿಟ್ಟಿದ್ದೀಯ? ಕಿತ್ತಾಕು” ಅಂದರು. ಕೆಲವು ಕಾಯಿಗಳ ಬುಡ ಕಪ್ಪಾಗಿತ್ತು. ರೋಗ ಅಂದುಕೊಂಡು ನಾನು ಎರಡು ವಾರದಿಂದ ಬೇವಿನೆಣ್ಣೆ ಹೊಡೀತಿದ್ದೆ.

“ರೋಗ ಅಲ್ಲಮ್ಮ. ಒಂದಿನ ಕೆರೆ ಮಾಡ್ತೀಯ, ಎರಡು ದಿನ ಬೀಳು ಬಿಡ್ತೀಯ. ಗಿಡ ಏನು ಮಾಡತೈತೆ?”

ಆಮೇಲೆ ಓದಿದೆ. ನೀರು ಏರುಪೇರಾದರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ತಲುಪಲ್ಲವಂತೆ. ಕೆರೆ ಮತ್ತು ಬೀಳಿನ ವಿವರಣೆಯೇ ನನಗೆ ಬೇಗ ತಲೆಗೆ ಹೋಗಿದ್ದು.

ಬಗ್ಗಬಾರದು, ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿದ್ದರು. ಹಾಗಾಗಿ ಅವರು ಹೇಳೋದು, ನಾನು ಮಾಡೋದು. ಒಂದಿನ ಕಾಲ್‌ನಲ್ಲಿದ್ದೆ, ಎರಡು ಗಂಟೆ ದಾಟಿತ್ತು. ಹಾಲ್‌ನಲ್ಲಿ ಗಡಗಡ ಸದ್ದು. ನೋಡಿದರೆ ಅಪ್ಪ ಗೋಡೆ ಹಿಡಿದು, ಕಾಲಲ್ಲಿ ಟ್ರಾಲಿ ತಳ್ಳಿಕೊಂಡು ಹೋಗ್ತಿದ್ದಾರೆ. ಹೊಸಲ ಹತ್ತಿರ ನಿಂತು ನನ್ನ ಕಾಯ್ತಿದ್ದರು.

ಊರಿಗೆ ಹೊರಡೋ ಹಿಂದಿನ ದಿನ, “ಇದಕ್ಕೆಲ್ಲ ಎಷ್ಟು ಖರ್ಚಾಯ್ತು?” ಅಂತ ಕೇಳಿದರು. ಟ್ರಾಲಿ, ಕುಂಡ, ಗೊಬ್ಬರ ಸೇರಿ 3,200. ಸಿಕ್ಕಿದ್ದು ಮೂರು ಕೆ.ಜಿ. ಹತ್ತಿರ ಹತ್ತಿರ.

“ಕೆ.ಜಿ.ಗೆ ಸಾವಿರದ ಮೇಲಾಯ್ತು. ನನಗಿಂತ ದೊಡ್ಡ ಲಾಸು ನಿಂದು” ಅಂತ ಜೋರಾಗಿ ನಕ್ಕರು. ನಗು ನಿಂತ ಮೇಲೆ, ನನ್ನ ಕಡೆ ನೋಡದೆ, “ಆ ವರ್ಷ ದನ ಬಿಟ್ಟಿದ್ದು ನಾನಲ್ಲ. ನಿಮ್ಮಮ್ಮ. ನನಗೆ ಆ ಕಡೆ ಹೋಗಕಾಗ್ಲಿಲ್ಲ” ಅಂದರು.

ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಫೋನ್‌ನಲ್ಲಿ ಟಿ-ಸಿಂಕ್ ರಿಮೈಂಡರ್ ಬಡಿದುಕೊಂಡಿತು.

“ಏಳಮ್ಮ, ಬಿಸಿಲು ಹೋಗತೈತೆ” ಅಂದರು ಅಪ್ಪ.